ಹೆಸರಿಟ್ಟು ಸಾಕಿದ ಮೇಲೆ

ಮನೆಯ ನಾಯಿ ಸತ್ತ ದಿನ ಮಧುಗಿರಿ ಕಡೆ ಮೊದಲು ಕಿವಿಗೆ ಬೀಳುವ ಸಮಾಧಾನದ ಮಾತು, "ಹೋಗ್ಲಿ ಬಿಡು, ಇನ್ನೊಂದು ಮರಿ ತಂದ್ರಾಯ್ತು." ಎರಡನೆಯದು ಸಂಜೆ ಹೊತ್ತಿಗೆ ಬರುತ್ತದೆ, ಸ್ವಲ್ಪ ಬೇಸರದ ದನಿಯಲ್ಲಿ: "ಒಂದು ನಾಯಿಗೆ ಇಷ್ಟೊಂದಾ?" ಹೀಗೆ ಹೇಳುವವರು ಕೆಟ್ಟವರೇನಲ್ಲ. ಅಳುತ್ತಿರುವವರನ್ನು ಬೇಗ ಎಬ್ಬಿಸಿ ಒಂದು ಲೋಟ ಕಾಫಿ ಕುಡಿಸಬೇಕೆಂಬ ಕಾಳಜಿ ಅವರದು. ಆದರೆ ಈ ಎರಡು ಮಾತು ಕೇಳಿದವರು ಆಮೇಲೆ ಯಾರ ಎದುರೂ ಅಳುವುದಿಲ್ಲ. ಬಚ್ಚಲಲ್ಲಿ ಅಳುತ್ತಾರೆ, ಗಾಡಿ ಓಡಿಸುವಾಗ ಅಳುತ್ತಾರೆ, ಬಾಗಿಲ ಹಿಂದೆ ನೇತುಹಾಕಿದ ಸರಪಳಿಯನ್ನು ತಿಂಗಳುಗಟ್ಟಲೆ ತೆಗೆಯುವುದಿಲ್ಲ. ದುಃಖ ಅಲ್ಲೇ ಇರುತ್ತದೆ, ಅದರ ಜೊತೆಗೆ ನಾಚಿಕೆಯೂ ಬಂದು ಕೂತಿರುತ್ತದೆ.

ಈ ನಾಚಿಕೆ ಎಲ್ಲಿಂದ ಬಂತು ಎಂಬುದು ನನ್ನ ಪ್ರಶ್ನೆ. ಸುಲಭದ ಉತ್ತರವೊಂದಿದೆ: ನಾಯಿ ಬೆಕ್ಕಿಗೆ ಅಳುವುದು ಪೇಟೆಯವರ ಚಾಳಿ, ಬೆಂಗಳೂರಿಂದ ಬಂದದ್ದು, ಅದಕ್ಕೂ ಮುಂಚೆ ಸಿನಿಮಾದಿಂದ ಬಂದದ್ದು, ಮಳೆ ಕೈಕೊಡುವ ಸೀಮೆಯ ಜನಕ್ಕೆ ಇದೆಲ್ಲ ಎಲ್ಲಿ ಪುರಸೊತ್ತು? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಬಲ್ಲವರು ಈ ಉತ್ತರವನ್ನು ಒಪ್ಪಲಾರರು. ಪ್ರಾಣಿಯ ಸಾವಿಗೆ ಊರಿಗೆ ಊರೇ ಸೇರಿ ಅಳುವುದನ್ನು ಈ ನಾಲ್ಕು ತಾಲ್ಲೂಕುಗಳು ಬಹಳ ಹಿಂದಿನಿಂದ ಬಲ್ಲವು. ಯಾವ ಪ್ರಾಣಿಗೆ ಅಳಬಹುದು ಎಂಬುದಕ್ಕೆ ಮಾತ್ರ ಇಲ್ಲಿ ಕಟ್ಟುಪಾಡಿದೆ. ಸಾಕುನಾಯಿ ಆ ಕಟ್ಟುಪಾಡಿನ ಹೊರಗೆ ಬಿದ್ದಿದೆ.

ಶಿರಾ ತಾಲ್ಲೂಕಿನ ಕಳುವರಹಳ್ಳಿ ಬಳಿ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರ ಈ ಸಾಂಸ್ಕೃತಿಕ ವೀರ ದನಗಾಹಿ. ಅವನ ಕಾವ್ಯವನ್ನು ಗಣೆ ಊದಿಕೊಂಡು ಹಾಡುವ ಪರಂಪರೆ ಹಟ್ಟಿಗಳಲ್ಲಿ ಇನ್ನೂ ಉಳಿದಿದೆ. ಆ ಕಾವ್ಯದಲ್ಲಿ ದನಗಳು ಹಿನ್ನೆಲೆಗೆ ನಿಂತ ಮಂದೆಯಲ್ಲ, ಮನುಷ್ಯರ ಸಮಕ್ಕೆ ಕಥೆ ನಡೆಸುವ ಪಾತ್ರಗಳು. ಪಾವಗಡ, ಶಿರಾ ಕಡೆಯ, ಪಕ್ಕದ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರ ಎತ್ತುಗಳಿವೆ. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಅವನ್ನು ಮಾರುವುದಿಲ್ಲ. ನೋಡಿಕೊಳ್ಳಲು ಕಿಲಾರಿಗಳಿದ್ದಾರೆ; ಬರ ಬಂದಾಗ ಮೇವು ಹುಡುಕಿಕೊಂಡು ಅವುಗಳ ಜೊತೆ ಊರೂರು ತಿರುಗುವವರೂ ಅವರೇ. ದೇವರ ಎತ್ತು ಸತ್ತರೆ ಮನುಷ್ಯರಿಗೆ ಮಾಡುವ ಹಾಗೆಯೇ ಮಣ್ಣು ಮಾಡುತ್ತಾರೆ. ಹೂವು, ಅರಿಶಿನ, ವಾದ್ಯ, ಹೆಗಲು ಕೊಡಲು ಗಂಡಸರು, ಸುತ್ತ ನಿಂತು ಅಳುವ ಹೆಂಗಸರು. ಆ ಅಳುವಿಗೆ ಯಾರೂ "ಒಂದು ಎತ್ತಿಗೆ ಇಷ್ಟೊಂದಾ?" ಎನ್ನುವುದಿಲ್ಲ.

ಹಟ್ಟಿಯ ಮಾತು ಬಿಡಿ. ಬಯಲುಸೀಮೆಯ ಯಾವ ಹಳ್ಳಿಯಲ್ಲಾದರೂ ಕರೆಂಟ್ ತಂತಿ ತಗುಲಿ ಕೋತಿಯೊಂದು ಸತ್ತರೆ ಏನಾಗುತ್ತದೆ ಎಂದು ಎಲ್ಲರೂ ನೋಡಿದ್ದೇವೆ. ಚಟ್ಟ ಕಟ್ಟುತ್ತಾರೆ, ತಮಟೆ ಬರುತ್ತದೆ, ಮೆರವಣಿಗೆ ಹೊರಡುತ್ತದೆ, ಹುಡುಗರು ಚಂದಾ ಎತ್ತುತ್ತಾರೆ, ಹನ್ನೊಂದನೇ ದಿನಕ್ಕೆ ತಿಥಿ, ಊರಿಗೆಲ್ಲ ಪಾಯಸದ ಊಟ. ಕೆಲವು ಕಡೆ ಗುಡಿಯೂ ಏಳುತ್ತದೆ. ಬದುಕಿದ್ದಾಗ ಅದೇ ಕೋತಿಗೆ ಕವಣೆ ಬೀಸಿದವರು ಸತ್ತ ಮೇಲೆ ಹೆಗಲು ಕೊಡುತ್ತಾರೆ. ಇದನ್ನು ನೋಡಿ ನಗುವುದು ಸುಲಭ, ನಾನು ನಗುವುದಿಲ್ಲ. ಒಂದು ಜೀವ ಹೋಯಿತು ಎಂಬುದನ್ನು ಊರು ಒಟ್ಟಾಗಿ ಒಪ್ಪಿಕೊಳ್ಳುವ ಕ್ರಮ ಅದು. ಆದರೆ ಆ ಕ್ರಮ ಸಿಕ್ಕಿದ್ದು ಕೋತಿಗಲ್ಲ, ಕೋತಿಯೊಳಗೆ ಕಂಡ ಹನುಮಂತನಿಗೆ. ದೇವರ ಹೆಸರಿಲ್ಲದ ಪ್ರಾಣಿಗೆ ಆ ಬಾಗಿಲು ತೆರೆಯುವುದಿಲ್ಲ.

ಇನ್ನೊಂದು ಬಾಗಿಲಿದೆ, ಅದು ದುಡಿಮೆಯದು. ಕುರಿಯವನ ಮಂದೆಗೆ ನೀಲಿನಾಲಿಗೆ ರೋಗವೋ ಪಿಪಿಆರ್ ರೋಗವೋ ಹೊಕ್ಕು ವಾರದಲ್ಲಿ ಹತ್ತಾರು ಕುರಿ ಬಿದ್ದರೆ ನೆಂಟರು ಬಂದು ಜಗಲಿ ಮೇಲೆ ಕೂರುತ್ತಾರೆ. ಎಷ್ಟು ಹೋದವು ಎಂದು ಕೇಳುತ್ತಾರೆ, ಲೊಚಗುಟ್ಟುತ್ತಾರೆ. 2013ರಲ್ಲಿ ಕಾಲುಬಾಯಿ ಜ್ವರ ದಕ್ಷಿಣ ಕರ್ನಾಟಕದಲ್ಲಿ ಸಾವಿರಾರು ದನಗಳನ್ನು ಕೊಂಡೊಯ್ದಾಗ, 2022ರಲ್ಲಿ ಚರ್ಮಗಂಟು ರೋಗ ಬಂದು ದನದ ಜಾತ್ರೆಗಳೇ ನಿಂತಾಗ, ಕೊಟ್ಟಿಗೆಯ ಮುಂದೆ ಕೂತು ಅತ್ತವರನ್ನು ಯಾರೂ ಹುಚ್ಚರೆನ್ನಲಿಲ್ಲ. ಸರ್ಕಾರಕ್ಕೂ ಈ ನಷ್ಟ ಅರ್ಥವಾಗುತ್ತದೆ. ಅನುಗ್ರಹ ಯೋಜನೆ ಇರುವುದು ಅದಕ್ಕೇ. ಆಕಸ್ಮಿಕವಾಗಿ ಸತ್ತ ಕುರಿ ಮೇಕೆಗೆ ಕೊಡುತ್ತಿದ್ದ 5,000 ರೂಪಾಯಿಯನ್ನು 2025-26ರ ಬಜೆಟ್ 7,500ಕ್ಕೆ ಏರಿಸಿತು. ಹಸು, ಎಮ್ಮೆ, ಎತ್ತಿನ 10,000 ಈಗ 15,000. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಿ ಬರೆದುಕೊಡಬೇಕು. ಅಲ್ಲಿಯವರೆಗೆ ಸತ್ತ ಕುರಿಯನ್ನು ನಾಯಿ ಕಾಗೆ ಮುಟ್ಟದಂತೆ ಕಾಯುತ್ತ ಕೂರುವುದು ಕುರಿಗಾಹಿಯ ಪಾಲಿಗೆ ಒಂದು ಬಗೆಯ ಜಾಗರಣೆ.

ಈ ಹಣವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಬೋರ್‌ವೆಲ್ ಬತ್ತಿದ ಮನೆಯಲ್ಲಿ 7,500 ರೂಪಾಯಿ ಮಗಳ ಕಾಲೇಜು ಫೀಸು. ಆದರೂ ಒಂದನ್ನು ಗಮನಿಸಬೇಕು: ಇಲ್ಲಿ ಒಪ್ಪಿಗೆ ಸಿಕ್ಕಿರುವುದು ಪ್ರಾಣಿಯ ಬೆಲೆಗೆ. ಕುರಿಯವನು ಅಳುತ್ತಿರುವುದು ಬೆಲೆಗಷ್ಟೇ ಅಲ್ಲ ಎಂಬುದು ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ಆದರೆ ಅದನ್ನು ಹೇಳುವ ಅಗತ್ಯ ಬೀಳುವುದಿಲ್ಲ. ನಷ್ಟದ ಲೆಕ್ಕ ಅವನ ಮಿಕ್ಕ ದುಃಖಕ್ಕೆ ಮರೆ ಒದಗಿಸುತ್ತದೆ. ಜೋಡೆತ್ತಿನಲ್ಲಿ ಒಂದು ಸತ್ತರೆ ರೈತ "ಜೋಡಿ ಮುರೀತು" ಅಂತಾನೆ. ಆ ಮಾತಿನಲ್ಲಿ ದುಡ್ಡೂ ಇದೆ, ಒಂಟಿಯಾಗಿ ಮೇವು ಮೂಸದೆ ನಿಂತಿರುವ ಇನ್ನೊಂದು ಎತ್ತಿನ ಸಂಕಟವೂ ಇದೆ, ಅವನದೂ ಇದೆ. ಕೇಳಿದವನು ತನಗೆ ಬೇಕಾದ್ದನ್ನು ತೆಗೆದುಕೊಳ್ಳಬಹುದು.

ಒಂದು ಅಪ್ರಿಯ ಸತ್ಯವನ್ನೂ ಇಲ್ಲೇ ಹೇಳಿಬಿಡಬೇಕು. ಅಳುವವನೇ ಮಾರುವವನೂ ಹೌದು. ಇವತ್ತು ಟಗರಿನ ಕೊರಳಪ್ಪಿ ಅತ್ತವನು ಬರುವ ಸಂತೆಗೆ ಇನ್ನೊಂದನ್ನು ಕಸಾಯಿಗೆ ಕೊಡುತ್ತಾನೆ, ಬಾಡೂಟಕ್ಕೂ ಕೂರುತ್ತಾನೆ. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಾಗ ಮೇಯಿಸುವ ಜಾಗ ಹೋಯಿತೆಂದು ಮಂದೆ ಮಾರಿದ ಕುರಿಗಾಹಿಗಳಿದ್ದಾರೆ. ಅವರ ಪ್ರಾಣಿಗಳು ಸಾಯಲಿಲ್ಲ, ಹೋದವು ಅಷ್ಟೆ, ಆದರೂ ಅದೊಂದು ಸೂತಕವೇ. "ಮಾಂಸ ತಿನ್ನುವವನಿಗೆ ನಾಯಿಗಾಗಿ ಅಳುವ ಹಕ್ಕಿಲ್ಲ" ಎಂಬ ವಾದ ಕೇಳಲು ಖಡಕ್ಕಾಗಿದೆ, ಆದರೆ ಬದುಕು ಆ ವಾದದ ಪ್ರಕಾರ ನಡೆಯುವುದಿಲ್ಲ. ಕುರಿಗಾಹಿಗೆ ಮಂದೆ ಬೇರೆ, ಮಂದೆಯೊಳಗೆ ತಾನು ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡ ತಬ್ಬಲಿ ಮರಿ ಬೇರೆ. ಆ ಮರಿಗೆ ಹೆಸರಿದೆ. ಹೆಸರಿಟ್ಟು ಕರೆದ ಮೇಲೆ, ಕರೆದಾಗ ಅದು ತಿರುಗಿ ನೋಡಿದ ಮೇಲೆ, ಲೆಕ್ಕ ಬೇರೆಯದೇ ಆಗುತ್ತದೆ.

ಈಗ ಮನೆಯ ನಾಯಿಗೆ ಬರೋಣ. ಅದು ದೇವರಲ್ಲ. ಭೈರವನ ವಾಹನ ಎಂದು ಕ್ಯಾಲೆಂಡರಿನಲ್ಲಿ ಇದ್ದರೂ ಬೀದಿಯಲ್ಲಿ ಆ ಮರ್ಯಾದೆ ಇಲ್ಲ. ಅದು ಆಸ್ತಿಯೂ ಅಲ್ಲ. ಅದಕ್ಕೆ ವಿಮೆ ಇಲ್ಲ, ಅನುಗ್ರಹವಿಲ್ಲ, ಮಾರುಕಟ್ಟೆಯಲ್ಲಿ ಮುದಿನಾಯಿಗೆ ಬೆಲೆ ಸೊನ್ನೆ. ಕುರಿಮಂದೆಯ ಜೊತೆ ನಡೆಯುವ ನಾಯಿಗೆ, ತೋಟ ಕಾಯುವ ನಾಯಿಗೆ ದುಡಿಮೆಯ ಪಾಲಾದರೂ ಇತ್ತು. ಪಟ್ಟಣದ ಹೊಸ ಬಡಾವಣೆಯ ಮನೆಯಲ್ಲಿ ಸೋಫಾದ ಕೆಳಗೆ ಮಲಗುವ ಪೊಮೇರಿಯನ್, ಲ್ಯಾಬ್ರಡಾರ್‌ಗಳಿಗೆ ಅದೂ ಇಲ್ಲ. ಸತ್ತಾಗ ಹೇಳಿಕೊಳ್ಳಲು ನೆವವೇ ಇಲ್ಲ. ಉಳಿಯುವುದು ಬರೀ ಪ್ರೀತಿ, ಬರೀ ಪ್ರೀತಿಗೆ ನಮ್ಮಲ್ಲಿ ಶಾಸ್ತ್ರವಿಲ್ಲ.

ಈ ನಾಯಿಗಳು ಇಲ್ಲಿನ ಮನೆಗಳಿಗೆ ಹೇಗೆ ಬಂದವು ಎಂದು ಸ್ವಲ್ಪ ನೋಡಬೇಕು, ಯಾಕೆಂದರೆ ದುಃಖದ ಅರ್ಧ ಅಲ್ಲಿದೆ. ಮಧುಗಿರಿಯಿಂದ, ಕೊರಟಗೆರೆಯಿಂದ ಬೆಂಗಳೂರು ನೂರು ಕಿಲೋಮೀಟರ್ ಆಸುಪಾಸು. ಮಕ್ಕಳು ಓದಿ ಅಲ್ಲಿ ಕೆಲಸಕ್ಕೆ ಸೇರುತ್ತಾರೆ. ಹಬ್ಬಕ್ಕೆ ಬರುವಾಗ ಒಂದು ಮರಿ ತರುತ್ತಾರೆ, "ನಿಮಗೂ ಜೊತೆಯಾಗುತ್ತೆ" ಅಂತ. ಅಥವಾ ಅಪಾರ್ಟ್‌ಮೆಂಟಿನಲ್ಲಿ ಸಾಕಲಾರದೆ ಊರಿಗೆ ತಂದು ಬಿಡುತ್ತಾರೆ. ಅಪ್ಪ ಮೊದಲು ಬೈಯುತ್ತಾರೆ, ಒಳಗೆ ಬಿಡಬೇಡ ಎನ್ನುತ್ತಾರೆ. ಮೂರು ತಿಂಗಳಿಗೆ ಬೆಳಗಿನ ವಾಕಿಂಗ್ ಅದರ ಜೊತೆಗೇ. ಮಗನ ಹೆಸರು ಕರೆಯುವುದಕ್ಕಿಂತ ಹೆಚ್ಚು ಸಲ ಅದರ ಹೆಸರು ಕರೆಯುವ ಮನೆಗಳು ಎಷ್ಟೋ. ಹತ್ತು ಹನ್ನೆರಡು ವರ್ಷ ಕಳೆದು ಅದು ಸತ್ತಾಗ ಆ ಇಬ್ಬರು ವಯಸ್ಸಾದವರು ಕಳೆದುಕೊಳ್ಳುವುದು ನಾಯಿಯೊಂದನ್ನೇ ಅಲ್ಲ. ಬೆಳಿಗ್ಗೆ ಏಳುವ ಕಾರಣವನ್ನು, ದಾರಿಯಲ್ಲಿ ನಾಲ್ಕು ಜನ ನಿಂತು ಮಾತಾಡಿಸುತ್ತಿದ್ದ ನೆವವನ್ನು, ಮಗ ಫೋನ್ ಮಾಡಿದಾಗ ಹೇಳಲು ಇದ್ದ ಹೊಸ ಸುದ್ದಿಯನ್ನು ಕಳೆದುಕೊಳ್ಳುತ್ತಾರೆ. ಮಗ ಅತ್ತ ಕಡೆಯಿಂದ "ಇನ್ನೊಂದು ಕಳಿಸ್ಲಾ?" ಅನ್ನುತ್ತಾನೆ.

ಅಮೆರಿಕದ ವಿದ್ವಾಂಸ ಕೆನೆತ್ ಡೋಕ ಇಂಥ ದುಃಖಗಳ ಬಗ್ಗೆಯೇ 1989ರಲ್ಲಿ ಒಂದು ಪುಸ್ತಕ ತಂದರು. ಸಮಾಜ ಒಪ್ಪದ, ಬಹಿರಂಗವಾಗಿ ತೋರಲಾಗದ, ಊರು ಪಾಲು ಪಡೆಯದ ದುಃಖ ಎಂದು ಅದನ್ನು ಗುರುತಿಸಿದರು. ಗರ್ಭಪಾತವಾದ ಹೆಣ್ಣಿನದು, ಲೋಕಕ್ಕೆ ಹೇಳದ ಪ್ರೇಮಿಯನ್ನು ಕಳೆದುಕೊಂಡವರದು, ಸಾಕುಪ್ರಾಣಿ ಸತ್ತವರದು. ಒಪ್ಪದ ದುಃಖ ಕರಗುವುದಿಲ್ಲ, ಕವಲೊಡೆಯುತ್ತದೆ ಎಂಬುದು ಆ ವಿಚಾರದ ತಿರುಳು. ನಮ್ಮ ಹಟ್ಟಿಯ ಅಜ್ಜಿಯರಿಗೆ ಇದಕ್ಕೆ ಪುಸ್ತಕ ಬೇಕಿಲ್ಲ. ಸಾವಿನ ಮನೆಗೆ ಹೋದರೆ ಮೊದಲು ಸತ್ತವರ ಗುಣ ಹೇಳಿಕೊಂಡು ಅಳಬೇಕು, ಅಳಿಸಬೇಕು, ಆಮೇಲೆ ಉಣ್ಣಿಸಬೇಕು ಎಂದು ಅವರಿಗೆ ಗೊತ್ತು. ನಾಯಿಯ ವಿಷಯದಲ್ಲಿ ನಾವು ಮೊದಲ ಎರಡನ್ನು ಬಿಟ್ಟು ನೇರ ಊಟಕ್ಕೆ ಕರೆಯುತ್ತೇವೆ.

ವಿರೋಧದ ಮಾತನ್ನು ಅದರ ಪೂರ್ತಿ ಬಲದಲ್ಲಿ ಕೇಳಬೇಕು. ಇದು ಸಾಲಕ್ಕೆ ಸಿಕ್ಕಿ ರೈತರು ಜೀವ ಕಳೆದುಕೊಂಡಿರುವ ಸೀಮೆ, ದುಡಿಯುವ ಕೈಗಳು ಗುಳೆ ಹೋಗುವ ಸೀಮೆ. ಇಲ್ಲಿ ನಾಯಿಗೆ ಶೋಕಾಚರಣೆ ಕೇಳುವುದು ಉಂಡವರ ಮಾತಲ್ಲವೇ? 2022ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ '777 ಚಾರ್ಲಿ' ಸಿನಿಮಾ ನೋಡಿ, ಹಿಂದಿನ ವರ್ಷ ತೀರಿಕೊಂಡ ತಮ್ಮ ನಾಯಿಯನ್ನು ನೆನೆದು ಎಲ್ಲರೆದುರು ಬಿಕ್ಕಿ ಅತ್ತಾಗ ಈ ಪ್ರಶ್ನೆ ಕಟುವಾಗಿಯೇ ಎದ್ದಿತು. ರಾಜ್ಯದಲ್ಲಿ ಇಷ್ಟೊಂದು ಸಾವುನೋವಿಗೆ ಬಾರದ ಕಣ್ಣೀರು ನಾಯಿಗೆ ಬಂತೇ ಎಂದು ಕೇಳಿದವರಿದ್ದರು. ಆಳುವವರನ್ನು ಹಾಗೆ ಕೇಳುವುದು ಪ್ರಜೆಯ ಹಕ್ಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದೇ ಪ್ರಶ್ನೆಯನ್ನು ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಕೇಳುವುದು ಬೇರೆ. ದುಃಖ ಕೆರೆಯ ನೀರಲ್ಲ, ಒಂದು ತೂಬಿಗೆ ಬಿಟ್ಟರೆ ಇನ್ನೊಂದಕ್ಕೆ ಕಡಿಮೆಯಾಗಲು. ನಾಯಿಗೆ ಅತ್ತವರು ಮನುಷ್ಯರಿಗೆ ಅಳುವುದನ್ನು ಮರೆತ ಉದಾಹರಣೆ ನನ್ನ ಕಣ್ಣಿಗೆ ಬಿದ್ದಿಲ್ಲ. ಯಾರಿಗೂ ಅಳದವರು ಮಾತ್ರ ಎರಡಕ್ಕೂ ಸಮನಾಗಿ ಅಳುವುದಿಲ್ಲ. ಬಡತನದ ಮಾತಿಗೂ ಉತ್ತರ ಮೇಲೆಯೇ ಇದೆ. ಬರದಲ್ಲಿ ತಮಗೆ ಗಂಜಿ ಇಲ್ಲದಿದ್ದರೂ ದೇವರ ಎತ್ತಿಗೆ ಮೇವು ಹೊತ್ತವರು, ಅದು ಸತ್ತಾಗ ಎದೆ ಬಡಿದುಕೊಂಡವರು ಉಂಡವರಾಗಿರಲಿಲ್ಲ.

ಹಾಗಾದರೆ ನಾಯಿಗೆ ಶಾಸ್ತ್ರವಿಲ್ಲ ಎಂಬುದು ಅನಾದಿಯ ಮಾತೇ? ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949-50ರ ಕಲ್ಲನ್ನು ಇತಿಹಾಸಕಾರರು ತಕ್ಕೋಲಂ ಯುದ್ಧದ ಸಾಕ್ಷಿಯಾಗಿ ಓದುತ್ತಾರೆ: ರಾಷ್ಟ್ರಕೂಟ ಮೂರನೆಯ ಕೃಷ್ಣ, ಗಂಗ ಎರಡನೆಯ ಬೂತುಗ, ಬಿದ್ದ ಚೋಳ ರಾಜಾದಿತ್ಯ. ಅದೇ ಕಲ್ಲಿನ ನಡುವೆ ಕೆತ್ತಿರುವುದು ಒಂದು ನಾಯಿ ಮತ್ತು ಒಂದು ಹಂದಿಯ ಕಾದಾಟ. ಬೂತುಗನ ಮೆಚ್ಚಿನ ಬಂಟ ಮಣಲೇರ. ಅವನ ಪರಾಕ್ರಮಕ್ಕೆ ಒಲಿದ ದೊರೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಕಾಳಿಯೂ ಹಂದಿಯೂ ಒಂದನ್ನೊಂದು ಕೊಂದುಕೊಂಡು ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ದತ್ತಿ ಬಿಟ್ಟ, ಆ ಭೂಮಿಯನ್ನು ಉಣ್ಣುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ತಟ್ಟುತ್ತದೆ ಎಂದು ಬರೆಸಿದ.

ಈ ಕಲ್ಲು ಹೇಳುವುದನ್ನು ನಿಧಾನವಾಗಿ ನೋಡಬೇಕು. ಕಾಳಿ ಯಾವ ದೇವರ ಅವತಾರವೂ ಅಲ್ಲ. ನಷ್ಟ ಪರಿಹಾರದ ಪ್ರಶ್ನೆಯೂ ಅಲ್ಲಿಲ್ಲ. ಮಣಲೇರ ನಷ್ಟ ತುಂಬಿಸಿಕೊಳ್ಳುತ್ತಿಲ್ಲ, ತನ್ನ ಕೈಯಿಂದ ಇನ್ನಷ್ಟು ಬಿಟ್ಟುಕೊಡುತ್ತಿದ್ದಾನೆ. ಅವನು ಮಾಡಿದ್ದು ಇಷ್ಟು: ನಾಯಿಯ ಹೆಸರನ್ನು ರಾಜರ ಹೆಸರಿನ ಜೊತೆ ಒಂದೇ ಕಲ್ಲಿನಲ್ಲಿ ಬರೆಸಿದ, ಹೇಗೆ ಸತ್ತಿತು ಎಂಬುದನ್ನು ಮುಚ್ಚಿಡದೆ ಹೇಳಿದ, ಎಲ್ಲರೂ ಬರುವ ಜಾಗದಲ್ಲಿ ನಿಲ್ಲಿಸಿದ, ತನ್ನ ನಂತರವೂ ಯಾರಾದರೂ ಒಬ್ಬ ದಿನವೂ ನೆನೆಯಲಿ ಎಂದು ವ್ಯವಸ್ಥೆ ಮಾಡಿದ. ಪ್ಯಾರಿಸ್ ಹತ್ತಿರದ ಆನಿಯೇರ್‌ನಲ್ಲಿ ನಾಯಿಗಳ ಹೆಸರಾಂತ ಸ್ಮಶಾನ ಶುರುವಾದದ್ದು 1899ರಲ್ಲಿ, ಆತಕೂರಿನ ಕಲ್ಲು ನಿಂತು ಒಂಬತ್ತೂವರೆ ಶತಮಾನವಾದ ಮೇಲೆ. ಅದಕ್ಕೂ ಬಹಳ ಹಿಂದೆ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈಜಿಪ್ಟಿನವರು ಬೆಕ್ಕು ಸತ್ತರೆ ಹುಬ್ಬು ಬೋಳಿಸಿಕೊಳ್ಳುತ್ತಾರೆ, ನಾಯಿ ಸತ್ತರೆ ತಲೆ ಮೈಯೆಲ್ಲ ಬೋಳಿಸಿಕೊಳ್ಳುತ್ತಾರೆ ಎಂದು ಬರೆದಿದ್ದ. ಪೇಟೆಯ ಚಾಳಿ ಎನ್ನುವವರು ಯಾವ ಪೇಟೆ, ಯಾವ ಕಾಲದ್ದು ಎಂದು ಹೇಳಬೇಕಾಗುತ್ತದೆ. ಕನ್ನಡ ಕಾದಂಬರಿಗೂ ಈ ನಾಚಿಕೆ ಇರಲಿಲ್ಲ. 'ಮಲೆಗಳಲ್ಲಿ ಮದುಮಗಳು' ಬರೆದ ಕುವೆಂಪು ನಾಯಿಗುತ್ತಿಯ ಹುಲಿಯನನ್ನು ತುಂಗೆಯ ಪ್ರವಾಹಕ್ಕೆ ಕೊಡುವಾಗ ಅದನ್ನು ಒಂದು ನಾಯಿಯ ಸಾವು ಎಂದು ಸಾಲೆರಡರಲ್ಲಿ ಮುಗಿಸಲಿಲ್ಲ.

ಸಾವು ಹೇಗೆ ಬಂತು ಎಂಬುದು ದುಃಖದ ಸ್ವರೂಪವನ್ನು ಬದಲಿಸುತ್ತದೆ, ಈ ಸೀಮೆಯಲ್ಲಿ ಸಾವು ಬರುವ ದಾರಿಗಳೂ ಬೇರೆ. ಮಧುಗಿರಿ, ಕೊರಟಗೆರೆಯ ಬೆಟ್ಟಸಾಲಿನ ಊರುಗಳಲ್ಲಿ ಚಿರತೆ ರಾತ್ರಿ ಅಂಗಳಕ್ಕೇ ಬರುತ್ತದೆ. ಬೆಳಿಗ್ಗೆ ನೋಡಿದರೆ ಸರಪಳಿ ಇರುತ್ತದೆ, ನಾಯಿ ಇರುವುದಿಲ್ಲ. ಹೂಳಲು ದೇಹವಿಲ್ಲ. "ಕಟ್ಟಿ ಹಾಕಿದ್ದಕ್ಕೇ ಸಿಕ್ಕಿಹಾಕಿಕೊಂಡಿತು" ಎಂದು ಮನೆಯವರು ಕೊರಗುತ್ತಾರೆ. ಶಿರಾ ಬಳಿ ಹೆದ್ದಾರಿಗೆ ಓಡಿ ಲಾರಿಗೆ ಸಿಕ್ಕಿದ ನಾಯಿಯ ಮನೆಯವರು ಕೊರಗುವುದು "ಕಟ್ಟಿ ಹಾಕಬೇಕಿತ್ತು" ಎಂದು. ಕಟ್ಟಿದ್ದರೂ ತಪ್ಪು, ಬಿಟ್ಟಿದ್ದರೂ ತಪ್ಪು. ಶೇಂಗಾ ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಮುಖ ಊದಿಸಿಕೊಂಡು ಬರುವ ನಾಯಿಗಳಿವೆ. ಯಾರದೋ ಜಗಳಕ್ಕೆ, ಯಾರದೋ ಕೋಳಿಯ ಸೇಡಿಗೆ ವಿಷದ ತುಂಡು ತಿಂದು ಸಾಯುವ ನಾಯಿಗಳಿವೆ. ಆಗ ದುಃಖದ ಜೊತೆ ಅನುಮಾನವೂ ಬೀದಿಯಲ್ಲಿ ಓಡಾಡುತ್ತದೆ. ಎಲ್ಲಕ್ಕಿಂತ ಕ್ರೂರವಾದದ್ದು ಹುಚ್ಚು. ನಿನ್ನೆಯವರೆಗೆ ಮಡಿಲಲ್ಲಿದ್ದದ್ದನ್ನು ಇವತ್ತು ಮುಟ್ಟುವಂತಿಲ್ಲ, ಹತ್ತಿರ ಹೋಗುವಂತಿಲ್ಲ. ಮನೆಮಂದಿಯೆಲ್ಲ ಆಸ್ಪತ್ರೆಯ ಸಾಲಿನಲ್ಲಿ ಚುಚ್ಚುಮದ್ದಿಗೆ ನಿಂತು ಅಲ್ಲೇ ಅಳಬೇಕು. ವರ್ಷಕ್ಕೊಂದು ಲಸಿಕೆ ಹಾಕಿಸಿದ್ದರೆ ಈ ಸಾವು ಬರುತ್ತಿರಲಿಲ್ಲ ಎಂಬುದು ನಿಜ. ಅದನ್ನು ಆ ದಿನ ಹೇಳಬೇಕಿಲ್ಲ, ಮುಂದಿನ ನಾಯಿಗೆ ಹಾಕಿಸುವಾಗ ಹೇಳಿದರೆ ಸಾಕು.

ತಪ್ಪಿತಸ್ಥ ಭಾವದ ಇನ್ನೊಂದು ರೂಪ ಚಿಕಿತ್ಸೆಯದು. ತಾಲ್ಲೂಕಿನ ಪಶು ಆಸ್ಪತ್ರೆಗಳ ಕೈತುಂಬ ಹಸು, ಎಮ್ಮೆ, ಕುರಿಗಳ ಕೆಲಸ. ನಾಯಿಯ ಕಿಡ್ನಿ ಕೆಟ್ಟಿದೆ ಎಂದರೆ ತುಮಕೂರಿಗೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ಹೋಗಬೇಕು. ಪಾವಗಡದಿಂದ ಹೆಬ್ಬಾಳಕ್ಕೆ ಕಾರು ಮಾಡಿಕೊಂಡು ಹೋಗುವಷ್ಟು ಎಲ್ಲರಲ್ಲೂ ಇರುವುದಿಲ್ಲ. ಇದ್ದವರೂ ಮೂರನೇ ಸಲಕ್ಕೆ ಲೆಕ್ಕ ಹಾಕುತ್ತಾರೆ. ಲೆಕ್ಕ ಹಾಕಿದ್ದೇ ಆಮೇಲೆ ಚುಚ್ಚುತ್ತದೆ. ನರಳಾಟ ನೋಡಲಾರದೆ ವೈದ್ಯರ ಮಾತಿನಂತೆ ಕೊನೆಯ ಇಂಜೆಕ್ಷನ್‌ಗೆ ಒಪ್ಪಿದವರು "ನಾನೇ ಕೊಂದೆ" ಎಂದುಕೊಳ್ಳುತ್ತಾರೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಿದೆ. ನಾವು ಸಾಕಿದ ಪ್ರಾಣಿಯ ನೋವಿಗೆ ನಾವೇ ಹೊಣೆ. ವಾಸಿಯಾಗದ ನೋವನ್ನು ನಿಲ್ಲಿಸುವುದು ಆ ಹೊಣೆಯ ಕೊನೆಯ ಭಾಗ. ಅದನ್ನು ನಿರ್ವಹಿಸಿದವರು ಕೊಂದವರಲ್ಲ. ಕೈಲಾಗದಷ್ಟು ಖರ್ಚನ್ನು ಮಾಡದವರೂ ಕೊಂದವರಲ್ಲ. ಕಾಯಿಲೆ ಕೊಂದಿತು.

ಮಕ್ಕಳ ಮಾತು ಬೇರೆಯೇ ಹೇಳಬೇಕು. ಈ ನಾಲ್ಕೂ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿನ ಶಾಲೆಗಳಲ್ಲಿ ಪುಣ್ಯಕೋಟಿಯ ಹಾಡನ್ನು ಹಾಡದೆ ಬೆಳೆದ ಮಕ್ಕಳು ಕಡಿಮೆ. ಹಸು ಕರುವನ್ನು ಬೀಳ್ಕೊಡುವಾಗ ತರಗತಿಗಳು ಗದ್ಗದವಾಗುತ್ತವೆ. ಹಾಗೆ ಆಗಲಿ ಎಂದೇ ಮೇಷ್ಟ್ರು ರಾಗ ಎಳೆದು ಹಾಡುತ್ತಾರೆ. ಅದೇ ತರಗತಿಯ ಹುಡುಗನೊಬ್ಬನ ನಾಯಿ ಹಿಂದಿನ ರಾತ್ರಿ ಸತ್ತಿದ್ದರೆ ಅವನು ಅದನ್ನು ಹೇಳಲಾರ. ಹೇಳಿದರೆ ಹಿಂದಿನ ಬೆಂಚು ನಗುತ್ತದೆ. ರಜೆ ಅರ್ಜಿಯಲ್ಲಿ ಜ್ವರ ಎಂದು ಬರೆಯುತ್ತಾನೆ. ಪದ್ಯದ ಹಸುವಿಗೆ ಅಳಬಹುದು, ಮನೆಯ ನಾಯಿಗೆ ಅಳಬಾರದು ಎಂದು ಅವನು ಆ ದಿನ ಕಲಿಯುತ್ತಾನೆ, ಯಾರೂ ಕಲಿಸದೆಯೇ.

ಮನೆಯಲ್ಲಿ ದೊಡ್ಡವರು ಇನ್ನೊಂದು ಕೆಲಸ ಮಾಡುತ್ತಾರೆ. "ಓಡಿಹೋಯ್ತು", "ತೋಟಕ್ಕೆ ಕಳಿಸಿದ್ವಿ", "ಡಾಕ್ಟರ್ ಹತ್ತಿರ ಇದೆ" ಎನ್ನುತ್ತಾರೆ. ಮಗು ಸಂಜೆ ಗೇಟಿನ ಹತ್ತಿರ ಕಾಯುತ್ತದೆ. ಕಾದು ಕಾದು, ತನ್ನನ್ನು ಬಿಟ್ಟು ಹೋದದ್ದಕ್ಕೆ ನಾಯಿಯ ಮೇಲೆ ಸಿಟ್ಟಾಗುತ್ತದೆ. ನಿಜ ತಿಳಿದ ದಿನ ದೊಡ್ಡವರ ಮೇಲೆ. ಎಷ್ಟೋ ಮಕ್ಕಳಿಗೆ ಹತ್ತಿರದಿಂದ ಕಾಣುವ ಮೊದಲ ಸಾವು ಪ್ರಾಣಿಯದು, ಅಜ್ಜ ಅಜ್ಜಿಯದು ಆಮೇಲೆ. ಸತ್ತಿದೆ ಎಂದರೆ ಮತ್ತೆ ಬರುವುದಿಲ್ಲ, ಅದಕ್ಕೆ ಈಗ ನೋವಾಗುವುದಿಲ್ಲ, ಇದರಲ್ಲಿ ನಿನ್ನ ತಪ್ಪಿಲ್ಲ: ಈ ಮೂರನ್ನು ಬಿಡಿಸಿ ಹೇಳಿದರೆ ಮಕ್ಕಳು ದೊಡ್ಡವರಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತಾರೆ. ಹುಚ್ಚು ಅಥವಾ ಅಂಟುರೋಗ ಅಲ್ಲದಿದ್ದರೆ ಮಣ್ಣು ಹಾಕಲು ಅವರನ್ನೂ ಕರೆಯಬೇಕು. ಹಳ್ಳಿಯಲ್ಲಿ ಮಕ್ಕಳು ಕರೆಯದೆಯೂ ಬರುತ್ತಾರೆ, ಕಲ್ಲು ನೆಡುತ್ತಾರೆ, ತುಂಬೆ ಹೂ ಇಡುತ್ತಾರೆ. ಮಣಲೇರನ ಕೆಲಸವನ್ನೇ ಮಾಡುತ್ತಾರೆ, ಯಾರೂ ಹೇಳಿಕೊಡದೆ.

"ಇನ್ನೊಂದು ಮರಿ" ಎಂಬ ಸಲಹೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಒಬ್ಬೊಬ್ಬರಿಗೆ ಅದು ಒಳ್ಳೆಯದೇ ಮಾಡುತ್ತದೆ, ಮುಖ್ಯವಾಗಿ ಒಂಟಿಯಾಗಿರುವ ವಯಸ್ಸಾದವರಿಗೆ. ತಕರಾರು ಇರುವುದು ಹೊತ್ತಿನ ಬಗ್ಗೆ, ಮತ್ತೆ ಯಾರು ಹೇಳುತ್ತಾರೆ ಎಂಬುದರ ಬಗ್ಗೆ. ಅದು ದುಃಖದಲ್ಲಿರುವವರ ಬಾಯಿಂದಲೇ ಬರಬೇಕು. ಹೊಸ ಮರಿಗೆ ಹಳೆಯದರ ಹೆಸರನ್ನೇ ಇಡುವ ರೂಢಿ ನನಗೆ ಸರಿ ಕಾಣುವುದಿಲ್ಲ. ಆ ಮರಿ ಜೀವನವಿಡೀ ಇನ್ನೊಂದರ ಹಾಗಿಲ್ಲ ಎಂಬ ದೂರು ಕೇಳಬೇಕಾಗುತ್ತದೆ. ತಿಂಗಳುಗಳು ಕಳೆದರೂ ಊಟ ನಿದ್ದೆ ಸೇರದೆ, ಬದುಕೇ ಬೇಡ ಎನ್ನಿಸುವ ಮಟ್ಟಕ್ಕೆ ಹೋದರೆ ಅದು ಬರೀ ನಾಯಿಯ ದುಃಖವಾಗಿ ಉಳಿದಿರುವುದಿಲ್ಲ. ಹಳೆಯ ಸಾವುಗಳು, ಒಂಟಿತನ ಎಲ್ಲ ಆ ಬಾಗಿಲಿಂದ ಒಳಗೆ ಬಂದಿರುತ್ತವೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಾಯಿ ಸತ್ತಿದ್ದಕ್ಕೆ ಫೋನ್ ಮಾಡುವುದೇ ಎಂದು ಸಂಕೋಚಪಡುವವರಿಗೆ ಹೇಳಬೇಕಾದ್ದು ಇಷ್ಟೆ: ಮಾಡಿ.

ಉಳಿದಿರುವುದು ಜಾಗದ ಪ್ರಶ್ನೆ. ಅಲ್ಲಿ ನನ್ನ ವಾದ ಎಡವುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಬೆಂಗಳೂರಿನಲ್ಲಿ ಸುಮನಹಳ್ಳಿಯ ಪ್ರಾಣಿ ಚಿತಾಗಾರವಿದೆ, ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರು ಹೂಳಲು ಜಾಗ ಮಾಡಿಕೊಟ್ಟಿದ್ದಾರೆ. ನಮ್ಮ ಕಡೆ ಹೊಲ ಇರುವವರಿಗೆ ಬದು ಇದೆ, ತೋಟ ಇರುವವರಿಗೆ ತೆಂಗಿನ ಬುಡ ಇದೆ. ಪಟ್ಟಣದ ಬಾಡಿಗೆ ಮನೆಯವರು ಏನು ಮಾಡಬೇಕು? ಮೂಟೆ ಕಟ್ಟಿ ರಾತ್ರಿ ಹೊತ್ತು ಕೆರೆ ಅಂಗಳಕ್ಕೋ ಹೆದ್ದಾರಿ ಪಕ್ಕದ ಹಳ್ಳಕ್ಕೋ ಎಸೆದು ಬರುತ್ತಾರೆ. ಹತ್ತು ವರ್ಷ ಹೆಸರಿಟ್ಟು ಕರೆದದ್ದನ್ನು ಹಾಗೆ ಎಸೆದ ಕೈ ಆಮೇಲೆ ಬಹಳ ದಿನ ಸುಮ್ಮನಿರುವುದಿಲ್ಲ. ಆದ್ದರಿಂದ ಪುರಸಭೆಗಳು ಜಾಗ ಕೊಡಬೇಕು ಎಂದು ಬರೆಯಹೊರಟರೆ ಪೆನ್ನು ತಡೆಯುತ್ತದೆ. ರಾಜ್ಯದ ಎಷ್ಟೋ ಹಳ್ಳಿಗಳಲ್ಲಿ ಮನುಷ್ಯರಿಗೇ ಸ್ಮಶಾನವಿಲ್ಲ. ದಲಿತರ ಹೆಣವನ್ನು ರಸ್ತೆಯಲ್ಲಿ ಇಟ್ಟು ಪ್ರತಿಭಟಿಸಿದ ಮೇಲೆ ಜಾಗ ಹುಡುಕಿದ್ದುಂಟು. ಪ್ರತಿ ಹಳ್ಳಿಗೂ ಸ್ಮಶಾನ ಭೂಮಿ ಒದಗಿಸಿ ಎಂದು ಹೈಕೋರ್ಟ್ ಸರ್ಕಾರಕ್ಕೆ ಹೇಳಬೇಕಾಗಿ ಬಂತು. ಆ ಸಾಲಿನಲ್ಲಿ ನಾಯಿಯನ್ನು ಮುಂದೆ ನಿಲ್ಲಿಸಲು ನಾನು ತಯಾರಿಲ್ಲ.

ಹಿಂದೆ ನಿಲ್ಲಿಸಬಹುದು. ಹೊಸ ಸ್ಮಶಾನವಾಗಲಿ, ಕಂದಾಯ ಭೂಮಿಯಾಗಲಿ ಬೇಕಿಲ್ಲ. ಜಾಗವಿರುವ ಪಶು ಆಸ್ಪತ್ರೆಯ ಹಿತ್ತಿಲಲ್ಲಿ, ಕೊಳವೆಬಾವಿಯಿಂದ ದೂರದಲ್ಲಿ, ನಾಲ್ಕೈದು ಅಡಿ ಆಳದ ಗುಂಡಿಗಳಿಗೆ ಒಂದೆರಡು ಗುಂಟೆ ಸಾಕು. ಬೇಲಿ, ಸುಣ್ಣದ ಚೀಲ, ವರ್ಷಕ್ಕೆ ಎರಡು ಸಲ ಜೆಸಿಬಿಯ ಬಾಡಿಗೆ, ಹೆಸರು ಬರೆದಿಡಲು ಒಂದು ರಿಜಿಸ್ಟರ್. ಖರ್ಚನ್ನು ಹೂಳಿಸುವವರೇ ಕೊಡುತ್ತಾರೆ. ಊರಿನ ನಾಲ್ಕು ಮನೆಯವರು ಸೇರಿ ಪಶುವೈದ್ಯರನ್ನು ಕೇಳುವುದರಿಂದ ಶುರು ಮಾಡಬಹುದು. ಅದಕ್ಕೆ ಮೊದಲು ಆ ನಾಲ್ಕು ಮನೆಯವರಿಗೆ ತಮ್ಮಂತೆ ಇನ್ನು ಮೂರು ಮನೆಗಳಿವೆ ಎಂದು ಗೊತ್ತಾಗಬೇಕು. ಈಗ ಗೊತ್ತಿಲ್ಲ, ಯಾಕೆಂದರೆ ನಾಲ್ವರೂ ಬಾಗಿಲು ಹಾಕಿಕೊಂಡು ಅಳುತ್ತಿದ್ದಾರೆ.